ನಾಯಿಯ ಕೆರೆತ, ಅಲರ್ಜಿ, ಮಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಮುಂಬೈ ಪಕ್ಕದ ಡೊಂಬಿವಲಿ ಪೂರ್ವದಲ್ಲಿ, ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ. ನಮ್ಮ ಚಿನ್ನುವಿಗೆ ಈಗ 9 ವರ್ಷ. ಬೀದಿಯಲ್ಲಿ ಸಿಕ್ಕಿದ ಮರಿ, ಬಿಸ್ಕತ್ತು ಬಣ್ಣದವಳು. 2 ವರ್ಷ ತುಂಬುವ ಹೊತ್ತಿಗೆ ಅವಳಿಗೆ ಕೆರೆತ ಶುರುವಾಯಿತು. ಇವತ್ತಿಗೂ ಪೂರ್ತಿ ಹೋಗಿಲ್ಲ, ಆದರೆ ಅವಳು ರಾತ್ರಿ ನಿದ್ದೆ ಮಾಡುತ್ತಾಳೆ, ನಾವೂ ಮಾಡುತ್ತೇವೆ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೂ, ಲಿಫ್ಟಿನಲ್ಲಿ ಸಿಕ್ಕಿದರೂ, ಊರಿಂದ ಫೋನ್ ಬಂದರೂ ನಾಯಿ ಸಾಕಿದವರು ನನ್ನನ್ನು ಕೇಳುವುದು ಇದನ್ನೇ. ಅದಕ್ಕೆ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ. ನಾನು ಪ್ರಾಣಿ ಡಾಕ್ಟರ್ ಅಲ್ಲ. ಯಾವ ಔಷಧಿ ಎಷ್ಟು ಕೊಡಬೇಕು ಅನ್ನುವುದನ್ನು ಇಲ್ಲಿ ಬರೆದಿಲ್ಲ. ಅದನ್ನು ನಾಯಿಯನ್ನು ತೂಗಿ ನೋಡಿ ಡಾಕ್ಟರೇ ಹೇಳಬೇಕು.

ಎಲ್ಲಾ ನಾಯಿಗಳೂ ಕೆರೆದುಕೊಳ್ಳುತ್ತವೆ ಅಲ್ವಾ? ಇದು ಅಲರ್ಜಿ ಅಂತ ಗೊತ್ತಾಗುವುದು ಹೇಗೆ?

ಎದ್ದ ಕೂಡಲೇ ಒಂದೆರಡು ಸಲ ಕೆರೆದು ಮೈ ಕೊಡವಿಕೊಂಡರೆ ಅದು ಸಹಜ. ಊಟ ಮಾಡುತ್ತಾ ನಿಲ್ಲಿಸಿ ಕೆರೆದರೆ, ಆಟದ ಮಧ್ಯೆ ಕೂತು ಕೆರೆದರೆ, ರಾತ್ರಿ ಎದ್ದು ಕೆರೆದರೆ ಅದು ಸಹಜ ಅಲ್ಲ. ಕಾಲು ನೆಕ್ಕುವುದನ್ನೂ ಕೆರೆತ ಅಂತಲೇ ಲೆಕ್ಕ ಹಾಕಿ. ಎಷ್ಟೋ ಜನ ಅದನ್ನು "ಪಾಪ, ಕಾಲು ತೊಳ್ಕೊಳ್ತಾಳೆ" ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು.

ಬೆರಳುಗಳ ಸಂದು ಬಿಡಿಸಿ ನೋಡಿ. ತಿಳಿ ಬಣ್ಣದ ನಾಯಿಯಾದರೆ ಅಲ್ಲಿನ ಕೂದಲು ತುಕ್ಕು ಹಿಡಿದ ಹಾಗೆ ಕಂದಾಗಿರುತ್ತದೆ. ಸದಾ ಜೊಲ್ಲು ತಾಗಿ ಬರುವ ಬಣ್ಣ ಅದು. ಕಿವಿಯ ಒಳಗೆ, ಕಂಕುಳಲ್ಲಿ, ತೊಡೆಸಂದಿನಲ್ಲಿ, ಬಾಯಿಯ ಸುತ್ತ ಚರ್ಮ ಕೆಂಪಾಗಿದೆಯೇ ನೋಡಿ. ಗಾಳಿ, ಧೂಳಿನ ಅಲರ್ಜಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದ ಒಳಗೆ ಶುರುವಾಗುತ್ತದೆ. 8 ವರ್ಷದ ನಾಯಿಗೆ ಮೊದಲ ಸಲ ಕೆರೆತ ಬಂದರೆ ಬೇರೆ ಕಾಯಿಲೆಗಳನ್ನೂ ಹುಡುಕಬೇಕಾಗುತ್ತದೆ.

ಯಾವುದಕ್ಕೆ ಅಲರ್ಜಿ ಅಂತ ಡಾಕ್ಟರ್ ನೇರವಾಗಿ ಹೇಳುವುದಿಲ್ಲ ಯಾಕೆ?

ಚರ್ಮ ನೋಡಿದರೆ ಎಲ್ಲಾ ಅಲರ್ಜಿಯೂ ಒಂದೇ ಥರ ಕಾಣುತ್ತದೆ. ಅದಕ್ಕೇ ಒಂದೊಂದನ್ನೇ ತಳ್ಳಿಹಾಕುತ್ತಾ ಹೋಗಬೇಕು. ಮೊದಲು ಚಿಗಟ, ಉಣ್ಣೆ, ಕಜ್ಜಿಯ ನುಸಿ. ಆಮೇಲೆ ಚರ್ಮದಲ್ಲಿ ಬೆಳೆದಿರುವ ಬ್ಯಾಕ್ಟೀರಿಯಾ, ಫಂಗಸ್. ಆಮೇಲೆ ಊಟ. ಇಷ್ಟನ್ನೂ ಸರಿಮಾಡಿದ ಮೇಲೂ ಕೆರೆತ ಉಳಿದರೆ ಅದು ಮನೆಯ ಧೂಳಿನ ನುಸಿ, ಹೂವಿನ ಪರಾಗ, ಬೂಷ್ಟು ಇಂಥವುಗಳ ಅಲರ್ಜಿ. ಡಾಕ್ಟರುಗಳು ಇದನ್ನು ಅಟೋಪಿ ಅನ್ನುತ್ತಾರೆ. ಇದು ಬುಡಸಮೇತ ಹೋಗುವ ಕಾಯಿಲೆ ಅಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳುವ ಕಾಯಿಲೆ. ಇದನ್ನು ಒಪ್ಪಿಕೊಳ್ಳಲು ನನಗೆ 2 ವರ್ಷ ಬೇಕಾಯಿತು. ಅಷ್ಟರಲ್ಲಿ ಮೂರು ಕಡೆ ಡಾಕ್ಟರ್ ಬದಲಾಯಿಸಿದ್ದೆ. ಪ್ರತಿ ಸಲವೂ ಮೊದಲಿಂದ ಶುರು. ಒಬ್ಬರ ಹತ್ತಿರವೇ ಹೋಗಿ, ಹಳೆಯ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ನಮ್ಮ ನಾಯಿಗೆ ಚಿಗಟ ಇಲ್ಲ, ನಾನು ದಿನಾ ನೋಡುತ್ತೇನೆ. ಆದರೂ ಚಿಗಟದ ಔಷಧಿ ಬೇಕಾ?

ಬೇಕು. ಚಿಗಟದ ಅಲರ್ಜಿ ಇರುವ ನಾಯಿಗೆ ನಾಲ್ಕಾರು ಕಡಿತ ಸಾಕು, ದಿನಗಟ್ಟಲೆ ಕೆರೆಯುತ್ತದೆ. ಅದು ಕೆರೆದು, ಹಲ್ಲಿನಿಂದ ಕಚ್ಚಿ, ಆ ಚಿಗಟವನ್ನು ನುಂಗಿಯೂ ಬಿಟ್ಟಿರುತ್ತದೆ. ನಿಮ್ಮ ಕಣ್ಣಿಗೆ ಕಾಣುವುದು ಗಾಯ ಮಾತ್ರ. ಸೊಂಟದ ಹಿಂಭಾಗ, ಬಾಲದ ಬುಡ, ಹಿಂತೊಡೆ, ಇಲ್ಲಿ ಕೂದಲು ಉದುರಿದ್ದರೆ ಮೊದಲ ಅನುಮಾನ ಚಿಗಟದ ಮೇಲೇ.

ಒಂದು ಪರೀಕ್ಷೆ ಹೇಳುತ್ತೇನೆ. ಬಿಳಿ ಕಾಗದವನ್ನು ಒದ್ದೆ ಮಾಡಿ ನೆಲದ ಮೇಲೆ ಹಾಸಿ. ನಾಯಿಯನ್ನು ಅದರ ಮೇಲೆ ನಿಲ್ಲಿಸಿ, ಹೇನಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ. ಕರಿಮೆಣಸಿನ ಪುಡಿಯಂಥ ಕಸ ಬೀಳುತ್ತದೆ. ಎರಡು ನಿಮಿಷ ಸುಮ್ನೆ ಬಿಡಿ. ಬರೀ ಮಣ್ಣಾದರೆ ಹಾಗೇ ಇರುತ್ತದೆ. ಸುತ್ತ ಕೆಂಪು ಕಂದು ಬಣ್ಣ ಹರಡಿತು ಅಂದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯದೇ ರಕ್ತ.

ನಾಯಿಯ ಮೈಮೇಲೆ ಇರುವುದು ದೊಡ್ಡ ಚಿಗಟಗಳು ಮಾತ್ರ. ಮೊಟ್ಟೆ, ಮರಿ, ಗೂಡು ಎಲ್ಲ ಸೋಫಾದ ಸಂದಿನಲ್ಲಿ, ಚಾಪೆಯ ಕೆಳಗೆ, ಅದರ ಹಾಸಿಗೆಯಲ್ಲಿ ಇರುತ್ತವೆ. ಅದಕ್ಕೇ ಒಂದು ಸಲ ಔಷಧಿ ಹಾಕಿ ನಿಲ್ಲಿಸಿದರೆ ಮತ್ತೆ ಬರುತ್ತವೆ. ಕಡಿಮೆ ಅಂದರೂ 3 ತಿಂಗಳು ಬಿಡದೆ ಕೊಡಬೇಕು. ಮುಂಬೈಯಲ್ಲಿ ಚಿಗಟ ಸಾಯುವಂಥ ಚಳಿ ಬರುವುದೇ ಇಲ್ಲ, ಹಾಗಾಗಿ ನಾವು ವರ್ಷಪೂರ್ತಿ ಕೊಡುತ್ತೇವೆ. ಅಫಾಕ್ಸೊಲೇನರ್ ಇರುವ ಮಾತ್ರೆ ತಿಂಗಳಿಗೆ 1, ಫ್ಲೂರಲೇನರ್ ಇರುವ ಮಾತ್ರೆ 12 ವಾರಕ್ಕೆ 1. ನಾಯಿಗೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಈ ಮಾತ್ರೆಗಳಿಗೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಇರುವ ಪುಡಿ, ಸ್ಪ್ರೇ ತರಬೇಡಿ. ನಾಯಿ ತಡೆದುಕೊಳ್ಳುತ್ತದೆ, ಬೆಕ್ಕು ಸತ್ತೇಹೋಗಬಹುದು.

ಜೂನ್ ಬಂತೆಂದರೆ ಕೆರೆತ ಜಾಸ್ತಿಯಾಗುತ್ತದೆ. ಮಳೆಗೂ ಇದಕ್ಕೂ ಏನು ಸಂಬಂಧ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಪಾಟಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಬರುತ್ತದೆ. ಆ ಗಾಳಿಯಲ್ಲಿ ನಾಯಿಯ ಚರ್ಮವೂ ಒಣಗುವುದಿಲ್ಲ. ಆರೋಗ್ಯವಂತ ನಾಯಿಯ ಚರ್ಮದಲ್ಲೂ ಮಲಸೀಜಿಯಾ ಅನ್ನುವ ಫಂಗಸ್ ಸ್ವಲ್ಪ ಇದ್ದೇ ಇರುತ್ತದೆ. ಅಲರ್ಜಿ ಇರುವ ಚರ್ಮ, ಮೇಲೆ ತೇವ, ಇನ್ನೇನು ಬೇಕು, ಅದು ಹೆಚ್ಚಿಕೊಳ್ಳುತ್ತದೆ. ಹಳೆಯ ಎಣ್ಣೆಯ ಹಾಗೆ ಕಮಟು ವಾಸನೆ, ಜಿಡ್ಡು, ಚರ್ಮ ಕಪ್ಪಾಗಿ ಆನೆಯ ಚರ್ಮದಂತೆ ದಪ್ಪಗಾಗುವುದು, ಇವು ಅದರ ಗುರುತು. ಇನ್ನೊಂದು ಕಡೆ ಧೂಳಿನ ನುಸಿ. ಅದಕ್ಕೂ ತೇವ ಅಂದರೆ ಇಷ್ಟ.

ನಾವು ಮಾಡುವುದು ಇಷ್ಟು. ಹೊರಗಿಂದ ಬಂದ ತಕ್ಷಣ ನಾಲ್ಕೂ ಕಾಲನ್ನು ಬರೀ ನೀರಿನಲ್ಲಿ ಅದ್ದಿ ತೊಳೆದು, ಹಳೆಯ ಹತ್ತಿ ಪಂಚೆಯಿಂದ ಬೆರಳಿನ ಸಂದುಸಂದು ಒರೆಸುತ್ತೇವೆ. ಒರೆಸುವುದೇ ಮುಖ್ಯ. ತೊಳೆದು ಹಾಗೇ ಬಿಟ್ಟರೆ ತೊಳೆಯದೇ ಇರುವುದಕ್ಕಿಂತ ಕಷ್ಟ. ಅವಳ ಹಾಸಿಗೆ ಚಾದರವನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ, ಸಾಧ್ಯವಾದರೆ 60 ಡಿಗ್ರಿಯಲ್ಲಿ ಒಗೆಯುತ್ತೇವೆ. ರಸ್ತೆಯಲ್ಲಿ ನಿಂತ ನೀರಿಗೆ ಇಳಿಸುವುದಿಲ್ಲ. ಅದು ಚರ್ಮಕ್ಕೆ ಮಾತ್ರ ಅಲ್ಲ, ಇಲಿ ಜ್ವರದ ಭಯವೂ ಇದೆ.

ಸೊಸೈಟಿಯ ಮೆಟ್ಟಿಲಿಗೆ ಫಿನಾಯಿಲ್ ಹಾಕಿ ಒರೆಸುತ್ತಾರಲ್ಲ, ಅದರ ಮೇಲೂ ಕಣ್ಣಿಡಿ. ನೆಲ ಒಣಗುವ ಮುಂಚೆ ನಾಯಿ ಅದರ ಮೇಲೆ ನಡೆದರೆ ಪಾದ ಉರಿಯುತ್ತದೆ, ಆಮೇಲೆ ಅದನ್ನೇ ನೆಕ್ಕುತ್ತದೆ. ನಾವು ಒರೆಸುವ ಹೊತ್ತು ಕೇಳಿಕೊಂಡು, ಅದಕ್ಕೆ ಮುಂಚೆಯೇ ವಾಕಿಂಗ್ ಮುಗಿಸುತ್ತೇವೆ.

ಊಟದ ಅಲರ್ಜಿ ಅಂತ ಡೌಟಿದೆ. ಚಿಕನ್ ನಿಲ್ಲಿಸಿ 10 ದಿನ ಆಯ್ತು, ಏನೂ ಫರಕ್ ಇಲ್ಲ.

10 ದಿನ ಸಾಲದು. ಕನಿಷ್ಠ 8 ವಾರ ಬೇಕು. ಚಿಕನ್ ಒಂದನ್ನೇ ನಿಲ್ಲಿಸಿದರೂ ಸಾಲದು. ನಾಯಿಗಳಿಗೆ ಹೆಚ್ಚಾಗಿ ತೊಂದರೆ ಕೊಡುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ಅಂದರೆ ನಮ್ಮ ಮನೆಯ ಮೊಸರನ್ನ, ಚಪಾತಿ, ಕೋಳಿ ಸಾರು ಮೂರೂ ಬಂತು. ಇದುವರೆಗೆ ತಿಂದೇ ಇಲ್ಲದ ಒಂದು ಮಾಂಸ ಅಥವಾ ಮೀನು, ಅದರ ಜೊತೆ ಒಂದೇ ಒಂದು ಪಿಷ್ಟದ ಆಹಾರ ಆರಿಸಬೇಕು. ಕರಾವಳಿಯವರ ಮನೆಯ ನಾಯಿ ಬಂಗುಡೆ, ಬೂತಾಯಿ ತಿಂದೇ ಬೆಳೆದಿರುತ್ತದೆ, ಹಾಗಾಗಿ ಅವರಿಗೆ ಮೀನು ಹೊಸದಾಗುವುದಿಲ್ಲ. ಇಲ್ಲದಿದ್ದರೆ ಡಾಕ್ಟರ್ ಬರೆದುಕೊಡುವ ಹೈಡ್ರೊಲೈಸ್ಡ್ ಆಹಾರ ಇದೆ. ಅದರಲ್ಲಿ ಪ್ರೋಟೀನನ್ನು ಮೈ ಗುರುತು ಹಿಡಿಯಲಾರದಷ್ಟು ಚಿಕ್ಕದಾಗಿ ಒಡೆದಿರುತ್ತಾರೆ.

ಈ 8 ವಾರ ಕಷ್ಟದ್ದು. ನಮ್ಮ ಮೊದಲ ಪ್ರಯತ್ನ ಐದನೇ ವಾರದಲ್ಲಿ ಕೆಟ್ಟಿತು. ಯಾಕೆ ಅಂತ ಗೊತ್ತೇ ಆಗಿರಲಿಲ್ಲ. ಒಂದು ದಿನ ಗೇಟಿನ ಹತ್ತಿರ ಚಿನ್ನು ಕುರ್ಚಿಯ ಕೆಳಗೆ ಮೂತಿ ತೂರಿಸಿ, ಬಾಲ ಆಡಿಸುತ್ತಾ ನಿಂತಳು. ವಾಚ್‌ಮನ್ ಭಾವೂ ದಿನಾ ಬೆಳಿಗ್ಗೆ ಚಹಾದ ಜೊತೆ ಅವಳಿಗೆ ಅರ್ಧ ಗ್ಲೂಕೋಸ್ ಬಿಸ್ಕತ್ತು ಕೊಡುತ್ತಿದ್ದರು. ಪ್ರೀತಿಯಿಂದಲೇ. ಗೋಧಿ, ಹಾಲು ಎರಡೂ ಅದರಲ್ಲಿದೆ. ಎರಡನೇ ಸಲ ಶುರು ಮಾಡುವಾಗ ಅವರನ್ನೂ, ಬಿಲ್ಡಿಂಗಿನ ಮಕ್ಕಳನ್ನೂ ಕೂರಿಸಿ ವಿಷಯ ಹೇಳಿದೆ. ಆಮೇಲೆ ಮಕ್ಕಳೇ ಕಾವಲು ಕಾದರು, "ಆಂಟಿ, ಅವರು ಚಿನ್ನೂಗೆ ಚಪಾತಿ ಕೊಟ್ರು" ಅಂತ ಓಡಿಬಂದು ಹೇಳುತ್ತಿದ್ದರು.

8 ವಾರಕ್ಕೆ ಕೆರೆತ ಕಡಿಮೆಯಾಯಿತು ಅಂತ ಅಲ್ಲಿಗೇ ಬಿಡಬೇಡಿ. ಹಳೆಯ ಊಟ ಮತ್ತೆ ಕೊಟ್ಟು ನೋಡಬೇಕು. 2 ವಾರದ ಒಳಗೆ ಕೆರೆತ ವಾಪಸ್ ಬಂದರೆ ಮಾತ್ರ ಊಟದ ಅಲರ್ಜಿ ಖಾತ್ರಿ. ಚಿನ್ನುವಿಗೆ ವಾಪಸ್ ಬರಲಿಲ್ಲ. ಅವಳದು ಊಟದ್ದಲ್ಲ ಅಂತ ಆಗ ತಿಳಿಯಿತು. ಅದು ತಿಳಿದದ್ದೇ ದೊಡ್ಡ ನೆಮ್ಮದಿ, ಈಗ ಮೊಸರನ್ನ ನಿಶ್ಚಿಂತೆಯಿಂದ ಕೊಡುತ್ತೇನೆ.

ರಕ್ತ ಪರೀಕ್ಷೆ ಮಾಡಿಸಿದರೆ ಇಷ್ಟೆಲ್ಲ ಒದ್ದಾಟ ತಪ್ಪುತ್ತದೆ ಅಲ್ವಾ?

ಊಟದ ಅಲರ್ಜಿಗೆ ರಕ್ತ, ಜೊಲ್ಲು, ಕೂದಲಿನ ಪರೀಕ್ಷೆಗಳನ್ನು ನಂಬುವ ಹಾಗಿಲ್ಲ. ಧೂಳು, ಪರಾಗದ ಪರೀಕ್ಷೆ ಉಪಯೋಗಕ್ಕೆ ಬರುವುದು ಅಲರ್ಜಿ ಇಂಜೆಕ್ಷನ್ ತಯಾರಿಸುವಾಗ. ಯಾವುದು ಆಗುವುದಿಲ್ಲವೋ ಅದನ್ನೇ ಚೂರು ಚೂರಾಗಿ ಕೊಟ್ಟು ಮೈಗೆ ರೂಢಿ ಮಾಡಿಸುವ ಚಿಕಿತ್ಸೆ ಅದು. ಫಲ ಕಾಣಲು 6 ತಿಂಗಳಿಂದ 1 ವರ್ಷ ಬೇಕು.

ಸ್ಟೀರಾಯ್ಡ್ ಅಂದರೆ ಹೆದರಿಕೆ. ಕೊಡಬಹುದಾ?

ಡಾಕ್ಟರ್ ಬರೆದಿದ್ದರೆ ಕೊಡಿ, ಆದರೆ ಹೇಗೆ ಕೊಡಬೇಕೋ ಹಾಗೇ ಕೊಡಿ. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಬೇಗ ಕೆಲಸ ಮಾಡುತ್ತದೆ. ಕಣ್ಣೆದುರು ನಾಯಿ ನರಳುವಾಗ ಅದು ನಿಜಕ್ಕೂ ದೊಡ್ಡ ಉಪಕಾರ. ಹೆದರಬೇಕಾದ್ದು ತಿಂಗಳುಗಟ್ಟಲೆ ಕೊಡುವುದಕ್ಕೆ, ಮತ್ತು ಥಟ್ಟನೆ ನಿಲ್ಲಿಸುವುದಕ್ಕೆ. ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದರೆ ನಾಯಿಯ ಮೈ ತನ್ನದನ್ನು ತಯಾರಿಸುವುದು ಕಡಿಮೆ ಮಾಡುತ್ತದೆ. ಹಾಗಾಗಿ ನಿಲ್ಲಿಸುವಾಗ ಮೆಲ್ಲಗೆ ಇಳಿಸುತ್ತಾ ಬರಬೇಕು. "ಕೆರೆತ ನಿಂತಿತು, ಮಾತ್ರೆ ಯಾಕೆ" ಅಂತ ನಾಲ್ಕನೇ ದಿನಕ್ಕೆ ನಿಲ್ಲಿಸಬೇಡಿ.

ಊಟದ ಜೊತೆ ಬೆಳಿಗ್ಗೆ ಕೊಡಿ. ನೀರು ಬಹಳ ಕುಡಿಯುತ್ತದೆ, ಹಸಿವು ಹೆಚ್ಚಾಗುತ್ತದೆ, ಉಚ್ಚೆ ಪದೇ ಪದೇ ಬರುತ್ತದೆ. ಅಂಗಳ ಇಲ್ಲದ ನಮ್ಮಂಥವರು ರಾತ್ರಿ 12ಕ್ಕೂ ಒಂದು ಸಲ ಕೆಳಗೆ ಇಳಿಸಬೇಕಾಗುತ್ತದೆ. ಮನೆಯೊಳಗೆ ಮಾಡಿಬಿಟ್ಟರೆ ಬೈಯಬೇಡಿ, ಅದರ ಕೈಯಲ್ಲಿ ಇಲ್ಲ. ನೀರಿನ ಬಟ್ಟಲನ್ನಂತೂ ಎತ್ತಿಡಲೇಬೇಡಿ. ಸ್ಟೀರಾಯ್ಡ್ ಜೊತೆ ಮೆಲಾಕ್ಸಿಕಾಮ್, ಕಾರ್ಪ್ರೊಫೆನ್‌ನಂಥ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಬೇರೆ ಡಾಕ್ಟರ್ ಹತ್ತಿರ ಕಾಲು ನೋವಿಗೆ ಹೋದರೂ "ಸ್ಟೀರಾಯ್ಡ್ ನಡೆಯುತ್ತಿದೆ" ಅಂತ ಮೊದಲೇ ಹೇಳಿ.

ಚಿನ್ನುವಿಗೆ ಮೊದಲ ವರ್ಷ ಒಂದು ಕ್ಲಿನಿಕ್‌ನಲ್ಲಿ ಕೆರೆತ ಬಂದಾಗಲೆಲ್ಲ ಒಂದು ಇಂಜೆಕ್ಷನ್ ಹಾಕುತ್ತಿದ್ದರು. 3 ವಾರ ಆರಾಮ, ಮತ್ತೆ ಅದೇ. ಏನು ಇಂಜೆಕ್ಷನ್ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೊಟ್ಟೆ ಜೋತುಬಿದ್ದು ಕೂದಲು ತೆಳ್ಳಗಾದಾಗ ಬೇರೆ ಡಾಕ್ಟರ್ ಕೇಳಿದರು, "ದೀರ್ಘಕಾಲದ ಸ್ಟೀರಾಯ್ಡ್ ಎಷ್ಟು ಸಲ ಹಾಕಿಸಿದ್ದೀರಿ?" ಮಾತ್ರೆಯನ್ನಾದರೆ ಕಡಿಮೆ ಮಾಡಬಹುದು. ಹಾಕಿಸಿದ ಇಂಜೆಕ್ಷನ್ನನ್ನು ಹೊರಗೆ ತೆಗೆಯಲು ಬರುವುದಿಲ್ಲ. ಪ್ರತಿ ಇಂಜೆಕ್ಷನ್ನಿನ ಹೆಸರು ಚೀಟಿಯಲ್ಲಿ ಬರೆಸಿಕೊಳ್ಳಿ.

ಸ್ಟೀರಾಯ್ಡ್ ಬಿಟ್ಟು ಬೇರೆ ಏನಿದೆ?

ಓಕ್ಲಾಸಿಟಿನಿಬ್ ಇದೆ, ಅಪೋಕ್ವೆಲ್ ಹೆಸರಿನಲ್ಲಿ ಗೊತ್ತಿರುವುದು ಅದೇ. ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿದ ಮಾತ್ರೆ. ಒಂದು ದಿನದೊಳಗೆ ಕೆರೆತ ತಗ್ಗಿಸುತ್ತದೆ. ಮೊದಲು ದಿನಕ್ಕೆ 2 ಸಲ, ಹೆಚ್ಚೆಂದರೆ 14 ದಿನ, ಆಮೇಲೆ ದಿನಕ್ಕೆ 1 ಸಲ. 1 ವರ್ಷಕ್ಕಿಂತ ಚಿಕ್ಕ ನಾಯಿಗೆ, ದೊಡ್ಡ ಸೋಂಕು ಇರುವ ನಾಯಿಗೆ ಇದು ಆಗದು. ಲೋಕಿವೆಟ್‌ಮ್ಯಾಬ್ ಅನ್ನುವ ಇಂಜೆಕ್ಷನ್ ಕೆರೆತದ ಸಂದೇಶವನ್ನೇ ತಡೆಯುತ್ತದೆ, 4ರಿಂದ 8 ವಾರ ಕೆಲಸ ಮಾಡುತ್ತದೆ. ಸೈಕ್ಲೋಸ್ಪೊರಿನ್ ನಿಧಾನ, 4ರಿಂದ 6 ವಾರ ಕಾಯಬೇಕು, ಶುರುವಿನಲ್ಲಿ ಕೆಲವು ನಾಯಿಗಳಿಗೆ ವಾಂತಿಯಾಗುತ್ತದೆ. ಮೀನೆಣ್ಣೆಯ ಒಮೆಗಾ-3 ಚರ್ಮಕ್ಕೆ ಒಳ್ಳೆಯದು, ಆದರೆ 2-3 ತಿಂಗಳು ಕೊಟ್ಟ ಮೇಲೆ, ಅದೂ ಬೇರೆ ಔಷಧಿಯ ಜೊತೆಗೆ.

ಗಾಯದಲ್ಲಿ ಕೀವು, ಹಕ್ಕಳೆ ಇದ್ದರೆ ಸೋಂಕು ಇಳಿಯದೆ ಇವು ಯಾವುವೂ ಸರಿಯಾಗಿ ಫಲ ಕೊಡುವುದಿಲ್ಲ. ಆಂಟಿಬಯೋಟಿಕ್ ಬರೆದರೆ ಡಾಕ್ಟರ್ ಮತ್ತೆ ನೋಡಿ ಸಾಕು ಅನ್ನುವ ತನಕ ಕೊಡಿ.

ನನಗೇ ಅಂತ ತಂದ ಸೆಟ್ರಿಜಿನ್ ಮನೆಯಲ್ಲಿದೆ. ಅದನ್ನೇ ಕೊಡಬಹುದಾ?

ಇಲ್ಲಿ ದಯವಿಟ್ಟು ಜಾಗ್ರತೆ. ಬರೀ ಸೆಟ್ರಿಜಿನ್ ಅನ್ನು ಡಾಕ್ಟರುಗಳೂ ಬರೆಯುತ್ತಾರೆ, ಕೆಲವು ನಾಯಿಗೆ ಸ್ವಲ್ಪ ಉಪಯೋಗ, ಹಲವಕ್ಕೆ ಇಲ್ಲ. ಆದರೆ ಮೆಡಿಕಲ್‌ನಲ್ಲಿ "ಅಲರ್ಜಿ ಮಾತ್ರೆ ಕೊಡಿ" ಅಂದರೆ ನೆಗಡಿಯ ಮಾತ್ರೆ ಕೈಗೆ ಬರಬಹುದು. ಅದರಲ್ಲಿ ಪ್ಯಾರಾಸಿಟಮಾಲ್, ಫಿನೈಲೆಫ್ರಿನ್ ಸೇರಿರುತ್ತವೆ. ಮೂಗು ಕಟ್ಟಿದ್ದನ್ನು ಬಿಡಿಸುವ ಔಷಧಿ ನಾಯಿಯ ಎದೆಬಡಿತ ಏರಿಸಿ ಪ್ರಾಣಕ್ಕೇ ಕುತ್ತು ತರಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಕೊಡಲೇಬಾರದು. ಸಿರಪ್‌ನಲ್ಲಿ ಸಕ್ಕರೆ ಬದಲು ಕ್ಸೈಲಿಟಾಲ್ ಇದ್ದರೆ ಅದೂ ನಾಯಿಗೆ ವಿಷ. ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಿ, ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ, ಆಮೇಲೆ ಕೊಡಿ.

ಅಕ್ಕಾ, ಮಾತ್ರೆ ಉಗುಳುತ್ತಾನೆ! ಏನು ಮಾಡಿದರೂ ಕಂಡುಹಿಡಿಯುತ್ತಾನೆ.

ನಾಯಿ ಮೂಸಿ ಮಾತ್ರೆಯನ್ನಲ್ಲ, ನಿಮ್ಮ ಕೈಯನ್ನು ಕಂಡುಹಿಡಿಯುತ್ತದೆ. ಮಾತ್ರೆ ಮುಟ್ಟಿದ ಬೆರಳಿನಿಂದಲೇ ತಿಂಡಿ ಹಿಡಿದರೆ ಹೊರಗೂ ಅದೇ ವಾಸನೆ. ಒಂದು ಕೈಯಲ್ಲಿ ಮಾತ್ರೆ ಒಳಗಿಡಿ, ಇನ್ನೊಂದು ಕೈಯಲ್ಲಿ ಮುಚ್ಚಿ.

ನಮ್ಮಲ್ಲಿ ನಡೆಯುವುದು ಇಡ್ಲಿ. ಬಿಸಿ ಆರಿದ ಇಡ್ಲಿಯ ನಡುವಿನ ಮೆತ್ತನೆಯ ಭಾಗವನ್ನು ಅಡಿಕೆ ಗಾತ್ರಕ್ಕೆ ಕಿತ್ತು, ಮಾತ್ರೆ ಒತ್ತಿ, ಉಂಡೆ ಮಾಡಿ, ತುಪ್ಪದಲ್ಲಿ ಹೊರಳಿಸುತ್ತೇನೆ. ಅಂಥ ಮೂರು ಉಂಡೆ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದು ಖಾಲಿ, ಮತ್ತು ಅದು ಮೂಗಿನ ಮುಂದೆಯೇ ಕಾಣುತ್ತಿರಬೇಕು. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತಾಳೆ. ಬಾಳೆಹಣ್ಣು, ಪನೀರ್ ಕೂಡ ಆಗುತ್ತದೆ. ಊಟದ ಪರೀಕ್ಷೆ ನಡೆಯುವಾಗ ಮಾತ್ರ ಪನೀರ್, ತುಪ್ಪ ಬೇಡ, ಆ ಪರೀಕ್ಷೆಯ ಊಟದಲ್ಲೇ ಸುತ್ತಿ ಕೊಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಯಾವತ್ತೂ ಬೇಡ.

ಬಾಯಿಗೇ ಹಾಕಬೇಕಾದರೆ ಎಡಗೈಯನ್ನು ಮೂತಿಯ ಮೇಲಿಂದ ತಂದು ಕೋರೆಹಲ್ಲಿನ ಹಿಂದೆ ಹಿಡಿದು ತಲೆ ಮೇಲೆತ್ತಿ. ಬಾಯಿ ತಾನೇ ಸ್ವಲ್ಪ ತೆರೆಯುತ್ತದೆ. ಬಲಗೈಯಿಂದ ನಾಲಿಗೆಯ ಹಿಂಭಾಗದಲ್ಲಿ, ನಟ್ಟನಡುವೆ ಮಾತ್ರೆ ಇಡಿ. ಬಾಯಿ ಮುಚ್ಚಿಸಿ ಗಂಟಲು ಸವರಿ. ಮೂಗು ನೆಕ್ಕಿಕೊಂಡರೆ ನುಂಗಿದೆ ಅಂತ ಅರ್ಥ. ಆಮೇಲೆ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ 5 ಎಂಎಲ್ ನೀರು, ಮೆಲ್ಲಗೆ. ಮಾತ್ರೆ ಪುಡಿ ಮಾಡುವ ಮುಂಚೆ ಡಾಕ್ಟರನ್ನು ಕೇಳಿ, ಕೆಲವನ್ನು ಪುಡಿ ಮಾಡಬಾರದು.

ಒಂದು ಹೊತ್ತು ಮರೆತುಹೋದರೆ ಮುಂದಿನ ಸಲ ಎರಡು ಕೊಡಬೇಡಿ. ನಾನು ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನ ಚೌಕದಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಮಾತ್ರೆಗೆ ಒಂದು ಚುಕ್ಕೆ ಇಡುತ್ತೇನೆ. ಜೊತೆಗೆ ಅವತ್ತಿನ ಕೆರೆತಕ್ಕೆ 10ರಲ್ಲಿ ಎಷ್ಟು ಅಂತ ಒಂದು ಅಂಕಿ. ಡಾಕ್ಟರಿಗೆ ನನ್ನ ಮಾತಿಗಿಂತ ಆ ಹಾಳೆಗಳೇ ಹೆಚ್ಚು ಉಪಯೋಗಕ್ಕೆ ಬಂದಿವೆ. ಪ್ರತಿ ವರ್ಷ ಮಳೆ ಹಿಡಿದ ಎರಡನೇ ವಾರಕ್ಕೆ ಅಂಕಿ ಏರುತ್ತದೆ ಅಂತ ಗೊತ್ತಾದದ್ದು ಅದರಿಂದಲೇ. ಈಗ ಮೇ ಕೊನೆಗೇ ತೋರಿಸಿ ಬರುತ್ತೇವೆ.

ಸ್ನಾನ ಎಷ್ಟು ಸಲ?

ಕ್ಲೋರ್‌ಹೆಕ್ಸಿಡಿನ್ ಅಥವಾ ಅದರ ಜೊತೆ ಮೈಕೊನಜೋಲ್ ಇರುವ ಶಾಂಪೂ ಆದರೆ ವಾರಕ್ಕೆ 1-2 ಸಲ, ಡಾಕ್ಟರ್ ಹೇಳಿದಂತೆ. ನೊರೆ ಮೈಮೇಲೆ 10 ನಿಮಿಷ ನಿಲ್ಲಬೇಕು, ಗಡಿಯಾರ ನೋಡಿಯೇ. ಬಿಸಿನೀರು ಬೇಡ, ಕೆರೆತ ಕೆರಳುತ್ತದೆ. ಮನುಷ್ಯರ ಸೋಪು, ಶಾಂಪೂ ಬೇಡ.

ಬೇವಿನೆಣ್ಣೆ, ಅರಿಶಿನ, ತೆಂಗಿನೆಣ್ಣೆ ಹಚ್ಚಬಹುದಾ? ಊರಲ್ಲಿ ಅಮ್ಮ ಅದನ್ನೇ ಹಚ್ಚುತ್ತಿದ್ದರು.

ಒಣಗಿ ಬಿರಿದ ಮೂಗಿಗೆ, ಪಾದಕ್ಕೆ ಚೂರು ತೆಂಗಿನೆಣ್ಣೆ ಪರವಾಗಿಲ್ಲ. ಮಳೆಗಾಲದಲ್ಲಿ ಮೈತುಂಬ ಎಣ್ಣೆ ಹಚ್ಚಿದರೆ ಜಿಡ್ಡಿನ ಅಡಿಯಲ್ಲಿ ಫಂಗಸ್ ಇನ್ನೂ ಬೆಳೆಯುತ್ತದೆ. ಹಚ್ಚಿದ್ದನ್ನೆಲ್ಲ ನಾಯಿ ನೆಕ್ಕಿ ನುಂಗುತ್ತದೆ ಅನ್ನುವುದು ನೆನಪಿರಲಿ. ಟೀ ಟ್ರೀ ಎಣ್ಣೆ, ಸೀಮೆಎಣ್ಣೆ, ಗಾಯ ತೊಳೆಯುವ ಗಟ್ಟಿ ಆಂಟಿಸೆಪ್ಟಿಕ್ ಯಾವುದನ್ನೂ ಹಚ್ಚಬೇಡಿ. ಕಿವಿಗೆ ಎಣ್ಣೆ ಬಿಡುವುದೂ ಬೇಡ. ಒಳಗಿನ ತಮಟೆ ಒಡೆದಿದ್ದರೆ ಏನು ಬಿಟ್ಟರೂ ಅಪಾಯ, ಡಾಕ್ಟರ್ ಮೊದಲು ಕಿವಿಯೊಳಗೆ ನೋಡಬೇಕು.

ಇದು ನಮಗೆ, ಮಕ್ಕಳಿಗೆ ಅಂಟುತ್ತದೆಯೇ?

ಅಲರ್ಜಿ ಅಂಟುವುದಿಲ್ಲ. ನುಸಿಯಿಂದ ಬರುವ ಸಾರ್ಕಾಪ್ಟಿಕ್ ಕಜ್ಜಿ ಅಂಟುತ್ತದೆ. ಕಿವಿಯ ಅಂಚು, ಮೊಣಕೈಯಲ್ಲಿ ಹಕ್ಕಳೆ, ನಿಮಗೂ ಕೈ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಬಂದರೆ ಬೇಗ ತೋರಿಸಿ. ಕಜ್ಜಿಗೆ ಐವರ್ಮೆಕ್ಟಿನ್ ಇಂಜೆಕ್ಷನ್ ಹಾಕುವ ರೂಢಿ ಇದೆ. ಕಾಲಿ, ಶೆಲ್ಟಿ ಜಾತಿಯ ನಾಯಿಗಳಲ್ಲಿ ಅದು ಮಿದುಳಿಗೆ ಹೋಗಿ ಪ್ರಾಣ ತೆಗೆಯಬಹುದು. ಮಿಶ್ರ ಜಾತಿಯಾದರೂ ಹೇಳಿ.

ತಕ್ಷಣ ಓಡಬೇಕಾದ್ದು ಯಾವಾಗ?

ಮುಖ ಊದಿದರೆ, ಉಸಿರಾಡಲು ಕಷ್ಟವಾದರೆ, ಮೈತುಂಬ ದದ್ದು ಎದ್ದು ವಾಂತಿಯಾದರೆ. ಸ್ಟೀರಾಯ್ಡ್ ನಡೆಯುವಾಗ ಕಪ್ಪು ಕಕ್ಕಸು ಬಂದರೆ. ಬೆಳಗಾಗಲಿ ಅಂತ ಕಾಯಬೇಡಿ.

ಇಲ್ಲಿ ಎಲ್ಲಿ ತೋರಿಸುವುದು? ಮರಾಠಿ ಅಷ್ಟು ಬರುವುದಿಲ್ಲ.

ಹತ್ತಿರದ ಕ್ಲಿನಿಕ್‌ನಲ್ಲಿ ಗುಣ ಕಾಣದಿದ್ದರೆ ಪರೇಲಿನಲ್ಲಿ 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜು ಇದೆ, ಬಾಯಿ ಸಕರಬಾಯಿ ದಿನ್‌ಶಾ ಪೇಟಿಟ್ ಪ್ರಾಣಿ ಆಸ್ಪತ್ರೆ ಇದೆ. ಮಾತಿನ ಬಗ್ಗೆ ಚಿಂತೆ ಬೇಡ, ನಾಲ್ಕು ಪದ ಸಾಕು. ಕೆರೆತಕ್ಕೆ ಖಾಜ್, ಉಣ್ಣೆಗೆ ಗೋಚಿಡ್, ಚಿಗಟಕ್ಕೆ ಪಿಸವಾ, ಮಾತ್ರೆಗೆ ಗೋಳಿ. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಅಂತ ಕೇಳಲು ಸಂಕೋಚ ಪಡಬೇಡಿ. ಆ ಚಿಕ್ಕ ಪರೀಕ್ಷೆಯಿಂದಲೇ ನುಸಿಯೋ, ಫಂಗಸ್ಸೋ, ಬ್ಯಾಕ್ಟೀರಿಯಾವೋ ಅಂತ ಬಹಳಷ್ಟು ತಿಳಿಯುತ್ತದೆ.

ಊರಿಗೆ ಹೋಗಬೇಕು. ಪಕ್ಕದ ಮನೆಯವರಿಗೆ ಏನು ಹೇಳಿ ಹೋಗಲಿ?

ಬಾಯಲ್ಲಿ ಹೇಳಬೇಡಿ, ಬರೆದು ಫ್ರಿಜ್ಜಿಗೆ ಅಂಟಿಸಿ. ನಾವು ಎದುರುಮನೆಯ ಕಾಕೂಗೆ ಮರಾಠಿಯಲ್ಲೇ ಬರೆಸಿ ಕೊಡುತ್ತೇವೆ. ಮಾತ್ರೆಯ ಹೆಸರು, ಹೊತ್ತು, ಊಟದ ಮುಂಚೆಯೋ ನಂತರವೋ, ಡಾಕ್ಟರ್ ನಂಬರ್. ದಿನದ ಮಾತ್ರೆಗಳನ್ನು ವಾರದ ಡಬ್ಬಿಯಲ್ಲಿ ಹಾಕಿಡುತ್ತೇನೆ, ನಮ್ಮ ಮಾವನ ಬಿಪಿ ಮಾತ್ರೆಯ ಹಳೆಯ ಡಬ್ಬಿ ಅದು. ಕೆರೆದು ಗಾಯ ಮಾಡಿಕೊಂಡರೆ ಕತ್ತಿಗೆ ಹಾಕುವ ಪ್ಲಾಸ್ಟಿಕ್ ಕೋನ್ ಎಲ್ಲಿದೆ ಅಂತ ತೋರಿಸಿ, ಒಂದು ಸಲ ಅವರ ಕೈಯಲ್ಲೇ ಹಾಕಿಸಿ ನೋಡುತ್ತೇನೆ. ಚೀಟಿಯ ಕೊನೆಯ ಸಾಲಿನಲ್ಲಿ "ದಿನಾ ಕೆರೆತದ ಅಂಕಿ ಕ್ಯಾಲೆಂಡರಿನಲ್ಲಿ ಬರೆಯಿರಿ" ಅಂತಿರುತ್ತದೆ. ಕಾಕೂ ಅಂಕಿಯ ಪಕ್ಕದಲ್ಲಿ ಚಿನ್ನು ಎಷ್ಟು ಹೊತ್ತು ಬಾಗಿಲ ಹತ್ತಿರ ಕೂತಿದ್ದಳು ಅನ್ನುವುದನ್ನೂ ಬರೆದಿಟ್ಟಿರುತ್ತಾರೆ.